ತಂತಿ ತಗ್ಗಲಿ, ಝರ್ ಸದ್ದು ನಿಲ್ಲಲಿ

ಗಂಡಸಿ, ಅರಸೀಕೆರೆ ಕಡೆ ಗಣಪತಿ ಹಬ್ಬ ಬಂತೆಂದರೆ ಆರ್ಕೆಸ್ಟ್ರಾದವರ ಎಲೆಕ್ಟ್ರಿಕ್ ಗಿಟಾರ್‌ಗಳೂ ಪೆಟ್ಟಿಗೆಯಿಂದ ಹೊರಬರುತ್ತವೆ. ತಂತಿ ಫ್ರೆಟ್ಟಿನಿಂದ ಎಷ್ಟು ಎತ್ತರದಲ್ಲಿದೆ ಎಂಬುದೇ ‘ಆಕ್ಷನ್’. ಅದು ತಗ್ಗಿದ್ದರೆ ಬೆರಳಿಗೆ ಹಿತ. ಅತಿಯಾಗಿ ತಗ್ಗಿದರೆ ತಂತಿ ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತದೆ. ತಂಬೂರಿಯಲ್ಲಿ ತಂತಿಯಡಿ ನೂಲೆಳೆ ಸರಿಸಿ ಇಂಥದೇ ಝೇಂಕಾರವನ್ನು ಬೇಕೆಂದೇ ಬರಿಸುತ್ತಾರೆ. ಗಿಟಾರಿನಲ್ಲಿ ಅದೇ ಸದ್ದು ಸ್ವರವನ್ನು ಕೊಲ್ಲುತ್ತದೆ. ಹದ ಸಿಗಬೇಕಾದರೆ ಕ್ರಮ ತಪ್ಪಬಾರದು.

1. ಹೊಸ ತಂತಿ, ಸರಿಯಾದ ಶ್ರುತಿ: ಕಾರ್ಯಕ್ರಮದಲ್ಲಿ ನುಡಿಸುವ ದಪ್ಪದ ತಂತಿಯನ್ನೇ ಹಾಕಿ, ಅದೇ ಶ್ರುತಿಗೆ ತನ್ನಿ. ಗಾಯಕರಿಗಾಗಿ ಅರ್ಧ ಸ್ವರ ಇಳಿಸುವುದಿದ್ದರೆ ಈಗಲೇ ಇಳಿಸಿ. ಸಡಿಲ ತಂತಿ ಹೆಚ್ಚು ಅಗಲಕ್ಕೆ ಕಂಪಿಸುತ್ತದೆ.

2. ಸದ್ದು ಎಲ್ಲಿಂದ?: ಪ್ರತಿ ತಂತಿಯನ್ನೂ ಮೊದಲು ಒತ್ತದೆ, ಆಮೇಲೆ ಒಂದೊಂದೇ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿ. ಬಿಡಿ ತಂತಿ ಮಾತ್ರ ಝರ್ ಎಂದರೆ ನಟ್‌ನ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಗೀರು ಆಳವಾಗಿದೆ. ಮೊದಲ ಐದು ಫ್ರೆಟ್‌ಗಳಲ್ಲಾದರೆ ನೆಕ್ ತೀರಾ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. 12ರಿಂದ ಮೇಲಾದರೆ ಸಾಮಾನ್ಯವಾಗಿ ತಂತಿ ತಗ್ಗಿದೆ. ಒಂದೇ ಜಾಗದಲ್ಲಾದರೆ ಅದರ ಮುಂದಿನ ಫ್ರೆಟ್ ಎದ್ದಿರುವ ಸಂಭವ ಹೆಚ್ಚು.

3. ನೆಕ್‌ನ ಬಾಗು: ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಕೇಪೋದಿಂದ ಒತ್ತಿಡಿ. ನೆಕ್ ಮೈಗೆ ಸೇರುವ ಕಡೆ ಬಲಗೈಯ ಬೆರಳಿನಿಂದ ಒತ್ತಿ, ಎಡಗೈಯ ತೋರುಬೆರಳಿನಿಂದ ಏಳನೇ ಫ್ರೆಟ್ಟಿನ ಮೇಲೆ ಮೆಲ್ಲಗೆ ತಟ್ಟಿ. ‘ಟಿಕ್’ ಎಂಬ ಸಣ್ಣ ಸದ್ದು ಬಂದರೆ ಅಲ್ಲಿ ಸಂದಿಯಿದೆ. ಅದು ಸುಮಾರು 0.25 ಮಿ.ಮೀ. ಇದ್ದರೆ ಸಾಕು, ಫೀಲರ್ ಗೇಜಿನಲ್ಲಿ ಅಳೆಯಿರಿ. ಸಂದಿ ಹೆಚ್ಚಿದ್ದರೆ ನೆಕ್‌ನೊಳಗಿನ ಟ್ರಸ್ ರಾಡನ್ನು ಅದರ ಕೀಯಿಂದ ಬಿಗಿಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮೀರಬೇಡಿ. ಮತ್ತೆ ಶ್ರುತಿ ಮಾಡಿ ಅಳೆಯಿರಿ. ಕೀ ತಿರುಗದಿದ್ದರೆ ಬಲ ಹಾಕದೆ ಬಲ್ಲವರಿಗೆ ಕೊಡಿ.

4. ತಂತಿಯ ಎತ್ತರ: ಕೇಪೋ ತೆಗೆದು 12ನೇ ಫ್ರೆಟ್ಟಿನ ಮೇಲೆ ಅಳೆಯಿರಿ. ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ 1.5 ಮಿ.ಮೀ. ಆಸುಪಾಸಿನಿಂದ ಶುರುಮಾಡಿ. ಬ್ರಿಡ್ಜ್‌ನ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ನುಡಿಸಿ. ಝರ್ ಕೇಳಿದ ಕೂಡಲೇ ತುಸು ಮೇಲೆತ್ತಿ. ನೀವು ಜೋರಾಗಿ ಮೀಟುವವರಾದರೆ ಇನ್ನೂ ಸ್ವಲ್ಪ ಎತ್ತರ ಬೇಕು. ತಂತಿ ಎಳೆದು ಗಮಕ ತರುವವರು ಎಳೆದ ಸ್ಥಿತಿಯಲ್ಲೂ ಪರೀಕ್ಷಿಸಬೇಕು.

5. ಆಂಪ್‌ನಲ್ಲಿ ಕೇಳಿ: ಆಂಪ್ ಇಲ್ಲದೆ ಕೇಳುವ ಸಣ್ಣ ಸದ್ದು ಸ್ಪೀಕರಿನಲ್ಲಿ ಬರದಿದ್ದರೆ, ಸ್ವರ ನಡುವೆ ಸಾಯದಿದ್ದರೆ ಹಾಗೇ ಬಿಡಿ. ಪಿಕಪ್ ತಂತಿಗೆ ತೀರಾ ಹತ್ತಿರವಿದ್ದರೆ ಅದರ ಆಯಸ್ಕಾಂತ ತಂತಿಯನ್ನು ಎಳೆಯುತ್ತದೆ, ಸ್ವಲ್ಪ ಇಳಿಸಿ. ಕೊನೆಗೆ 12ನೇ ಫ್ರೆಟ್ಟಿನ ಸ್ವರವನ್ನು ಟ್ಯೂನರಿನಲ್ಲಿ ನೋಡಿ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದೆಮುಂದೆ ಸರಿಸಿ. ನಟ್ ಅಥವಾ ಫ್ರೆಟ್ಟಿನ ದೋಷವಾದರೆ ಅರದಿಂದ ನೀವೇ ಉಜ್ಜಲು ಹೋಗಬೇಡಿ. ಉಜ್ಜಿ ಹೋದದ್ದು ಮರಳಿ ಬರುವುದಿಲ್ಲ.

ಆದರೆ ಈ ಹದ ಸದಾ ಉಳಿಯುವುದಿಲ್ಲ: ಮರ ತೇವ ಹೀರುತ್ತದೆ, ಒಣಗುತ್ತದೆ. ಅದರೊಂದಿಗೆ ನೆಕ್ ಬಾಗುತ್ತದೆ. ಕೊಬ್ಬರಿ ಒಣಗಿಸುವ ಅಟ್ಟ ನಮ್ಮ ಕಡೆಯ ಹಲವು ಮನೆಗಳಲ್ಲಿ ಇರುತ್ತದೆ. ಕೊಬ್ಬರಿಗೆ ಬೇಕಾದ ಆ ಬಿಸಿ ಗಿಟಾರಿಗೆ ಕೆಟ್ಟದ್ದು. ಪೆಟ್ಟಿಗೆಯಲ್ಲಿಟ್ಟು ಬಿಸಿಲು ಬೀಳದ ಕೋಣೆಯಲ್ಲಿಡಿ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಮೂರನೇ ಹಂತದಿಂದ ಅಳೆದು ಬರೆದಿಡಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ, ನಿಮ್ಮ ಗಿಟಾರ್ ಯಾವ ಕಾಲದಲ್ಲಿ ಎತ್ತ ಬಾಗುತ್ತದೆಂದು ಮೊದಲೇ ತಿಳಿಯುತ್ತದೆ.