ವಜಾ ಪ್ರಕರಣ : ಲಿಖಿತ ಹೇಳಿಕೆಯಲ್ಲಿ ಮರೆಯಬಾರದ ಕೋರಿಕೆ

ಕಾರ್ಮಿಕನ ಕಳವನ್ನು ಮಾಲೀಕರು ಕಣ್ಣಾರೆ ಕಂಡಿದ್ದರೂ, ಆಪಾದನಾ ಪತ್ರ ನೀಡದೆ, ಸಾಕ್ಷಿಗಳ ಪಾಟೀಸವಾಲಿಗೆ ಅವಕಾಶ ಕೊಡದೆ ವಜಾ ಮಾಡಿದರೆ ಆ ಆದೇಶವು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಗೋಕುಲ ರಸ್ತೆ, ತಾರಿಹಾಳಗಳ ಸಣ್ಣ ಘಟಕಗಳಲ್ಲಿಯೂ ದೂರುದಾರರೇ ವಿಚಾರಣಾಧಿಕಾರಿಯಾಗಬಾರದು. ಹೊರಗಿನವರೊಬ್ಬರನ್ನು ನೇಮಿಸುವ ಖರ್ಚು ಹಿಂಬಾಕಿ ವೇತನದ ಮುಂದೆ ಅಲ್ಪವೇ ಸರಿ.

ವಿಚಾರಣೆ ದೋಷಪೂರ್ಣವೆಂದು ತೀರ್ಮಾನವಾದರೆ, ನ್ಯಾಯಾಲಯದಲ್ಲಿಯೇ ಸಾಕ್ಷ್ಯ ನೀಡಿ ಆರೋಪವನ್ನು ರುಜುವಾತುಪಡಿಸಲು ಮಾಲೀಕರಿಗೆ ಇನ್ನೊಂದು ಅವಕಾಶವುಂಟು. ಆದರೆ ಆ ಕೋರಿಕೆಯನ್ನು ತಮ್ಮ ಲಿಖಿತ ಹೇಳಿಕೆಯಲ್ಲಿಯೇ ಸಲ್ಲಿಸಬೇಕೆಂದು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2001ರಲ್ಲಿ ತೀರ್ಪಿತ್ತಿತು. ಇದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಬಂದುದು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದರೂ ಈ ಎಚ್ಚರಿಕೆಯನ್ನು ಬಿಡುವಂತಿಲ್ಲ. ವಕೀಲರು ಕಳುಹಿಸಿದ ಹೇಳಿಕೆಗೆ ಸಹಿ ಮಾಡುವ ಮೊದಲು ಈ ಕೋರಿಕೆ ಅದರಲ್ಲಿದೆಯೇ ಎಂದು ಸದಸ್ಯರು ಸ್ವತಃ ಓದಿ ನೋಡತಕ್ಕದ್ದು.