ರಾಗಿ ಬೇಸಾಯದ ಖರ್ಚಿನಲ್ಲಿ ಮನೆಯ ಹೆಂಗಸರ ದುಡಿಮೆ

ರಾಗಿಗೆ ಎಕರೆಗೆ ಎಷ್ಟು ಖರ್ಚಾಯಿತೆಂದು ಕೇಳಿದರೆ ರೈತ ಬಾಂಧವರು ಉಳುಮೆ, ಬೀಜ, ಗೊಬ್ಬರ, ಕೂಲಿ ಎಂದು ಲೆಕ್ಕ ಒಪ್ಪಿಸುತ್ತಾರೆ. ಕೂಲಿ ಎಂದರೆ ಹೊರಗಿನ ಆಳಿಗೆ ಕೊಟ್ಟ ಹಣ ಮಾತ್ರ. ಕೂರಿಗೆಯ ಹಿಂದೆ ನಡೆದು ಅಕ್ಕಡಿ ಸಾಲಿಗೆ ಅವರೆ ಬೀಜ ಬಿಟ್ಟವರು, ಬಗ್ಗಿ ಕಳೆ ಕಿತ್ತವರು, ತೆನೆ ಕೊಯ್ದವರು ಮನೆಯ ಹೆಂಗಸರಾದರೆ ಆ ದುಡಿಮೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ರೈತನು ಕೈಯಿಂದ ಹಾಕಿದ ಖರ್ಚಿಗೆ ಮನೆಯವರ ದುಡಿಮೆಯ ಬೆಲೆಯನ್ನೂ ಕೂಡಿಸುತ್ತದೆ. ದೆಹಲಿಯಲ್ಲಿ ಹಿಡಿಯುವ ಲೆಕ್ಕವನ್ನು ನಾವು ಮನೆಯಲ್ಲಿ ಬಿಡುವುದೇಕೆ?

ಬಿಟ್ಟರೆ ನಷ್ಟವುಂಟು. ಬಿತ್ತಿದ ಮೊದಲ 5-6 ವಾರ ರಾಗಿಗೆ ಕಳೆಯ ಪೈಪೋಟಿ ಹೆಚ್ಚು. ಕೈಯಿಂದ ಕಳೆ ತೆಗೆಯುವುದು ‘ಪುಕ್ಕಟೆ’ ಎಂದುಕೊಂಡವರು ಚೆಲ್ಲು ಬಿತ್ತನೆಯನ್ನೇ ಮುಂದುವರಿಸುತ್ತಾರೆ. ಆ ದಿನಗಳಿಗೆ ಕೂಲಿ ಕಟ್ಟಿ ನೋಡಿ, 30 ಸೆಂ.ಮೀ. ಅಂತರದ ಸಾಲು ಬಿತ್ತನೆ ಮಾಡಿ ಎಡೆಕುಂಟೆ ಹೊಡೆಯುವುದರ ಲಾಭ ಆಗ ತಿಳಿಯುತ್ತದೆ. ಸಾಲಿನೊಳಗೆ ಉಳಿದ ಕಳೆಯನ್ನಷ್ಟೇ ಕೈಯಿಂದ ತೆಗೆದರೆ ಸಾಕು. (ಕಳೆ ಕೂಲಿಯನ್ನೇ ನಂಬಿದ ಬಡ ಹೆಂಗಸರಿಗೆ ಇದರಿಂದ ಕೆಲಸ ಕಡಿಮೆಯಾಗುತ್ತದೆ ಎಂಬುದೂ ನಿಜವೇ.)

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಸುಮಾರು 3.6 ಕೋಟಿ ಮಹಿಳೆಯರು ಸಾಗುವಳಿದಾರರು, 6 ಕೋಟಿಗೂ ಹೆಚ್ಚು ಮಂದಿ ಕೃಷಿ ಕೂಲಿಗಳು. ಆದರೆ 2015-16ರ ಕೃಷಿ ಗಣತಿಯಲ್ಲಿ 100 ಹಿಡುವಳಿಗಳ ಪೈಕಿ ಮಹಿಳೆಯರವು ಸುಮಾರು 14 ಮಾತ್ರ. ಪಹಣಿಯಲ್ಲಿ ಹೆಸರಿಲ್ಲದವರಿಗೆ ಬೆಳೆಸಾಲ ಸಿಗುವುದು ಕಷ್ಟ. ತರಬೇತಿಗೂ ಅವರನ್ನು ಯಾರೂ ಕರೆಯುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಊರಿನಲ್ಲಿ ರಾಗಿ ಪೈರು ನಾಟಿಯ ಅಂತರವನ್ನು ಯಜಮಾನರಿಗೆ ಅರ್ಧ ದಿನ ವಿವರಿಸಿ ಬಂದೆ. ಹೆಂಗಸರು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ವಾರ ಬಿಟ್ಟು ಹೋದಾಗ ಪೈರು ಎಂದಿನಂತೆ ಒತ್ತಾಗಿಯೇ ಇತ್ತು. ನಾಟಿ ಮಾಡಿದವರು ಅವರು. ಅವರಿಗೆ ನಾನು ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಪ್ರಾತ್ಯಕ್ಷಿಕೆಯ ಹೊತ್ತನ್ನು ಅವರನ್ನೇ ಕೇಳಿ ಗೊತ್ತುಮಾಡುತ್ತಿದ್ದೇನೆ. ಹಾಲು ಕರೆದು, ಅಡುಗೆ ಮುಗಿಸಿ ಬರುವ ಹೊತ್ತು ನಮ್ಮ ಕಚೇರಿಯ ಹೊತ್ತಿಗೆ ಹೊಂದುವುದಿಲ್ಲ.

ಈ ಮುಂಗಾರಿನಿಂದಲೇ ಖರ್ಚಿನ ಪುಸ್ತಕದಲ್ಲಿ ಒಂದು ಕಲಮು ಹೆಚ್ಚಿಗೆ ಹಾಕಿರಿ: ತಾರೀಖು, ಕೆಲಸ, ಎಷ್ಟು ಜನ, ಎಷ್ಟು ಗಂಟೆ. ಸುಗ್ಗಿಯಲ್ಲಿ ಊರಿನ ಕೂಲಿ ದರದಿಂದ ಗುಣಿಸಿರಿ, ಗಂಡಾಳಿನ ದರದಿಂದಲೇ; ಸಮಾನ ವೇತನದ ಕಾನೂನು 1976ರಲ್ಲೇ ಆಗಿದೆ. ಬರೆಯುವ ಕೆಲಸವನ್ನು ಹೆಂಗಸರಿಗೇ ವಹಿಸಿರಿ. ಎಷ್ಟು ದಿನ ಕಳೆ ಕಿತ್ತದ್ದೆಂದು ಅವರಿಗೆ ಚೆನ್ನಾಗಿ ಗೊತ್ತು.