ತಪ್ಪಿದ ಚೆಂಡು

ಮಗಾ, ಹೋದ ಭಾನುವಾರ ಕಡೂರಿನ ಬಿ.ಎಚ್. ರಸ್ತೆ ಪಕ್ಕದ ಟರ್ಫಿನಲ್ಲಿ ನೀನು ಆಡುತ್ತಿದ್ದುದನ್ನು ಬಲೆಯಾಚೆ ನಿಂತು ನೋಡಿದೆ. ಬಾಕ್ಸ್ ಕ್ರಿಕೆಟ್ಟಿನವರು ಬರುವ ತನಕ ಒಂದು ಗಂಟೆಯ ಆಟ. ಏಳು ಗೋಲು ಹೊಡೆದೆ, ಎಣಿಸಿದ್ದೇನೆ. ತಪ್ಪಿದ್ದನ್ನೂ ಎಣಿಸಿದ್ದೇನೆ, ಹತ್ತೊಂಬತ್ತು. ಮನೆಗೆ ಹೋಗಿ ನಿಮ್ಮಮ್ಮನಿಗೆ ಏಳರ ಲೆಕ್ಕ ಮಾತ್ರ ಒಪ್ಪಿಸಿದೆಯಂತೆ.

ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗಿ ಫಾರ್ವರ್ಡ್ ಆಗುತ್ತೇನೆ ಅಂತ ನೀನು ಅಂದಾಗ ಎಲ್ಲರೂ ನನ್ನ ಮುಖವನ್ನೇ ನೋಡಿದರು. ಆ ಹುಚ್ಚು ಹಿಡಿಸಿಕೊಂಡು ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲು ಹತ್ತಿದ ಮೊದಲಿಗ ಈ ಚಿಕ್ಕಜ್ಜನೇ ತಾನೆ. ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ. ಹೋಬಳಿಯಲ್ಲಿ ಗೆದ್ದು ತರೀಕೆರೆಗೆ ಹೋದರೆ ಅರ್ಧ ತಂಡವೇ ನಾಪತ್ತೆ, ಹುಡುಗರೆಲ್ಲ ಈರುಳ್ಳಿ ಕೀಳಲು ಹೊಲಕ್ಕೆ. ಅಮೃತಮಹಲ್ ಕಾವಲಿನ ಬಯಲಲ್ಲಿ ಓಡಿ ಬೆಳೆದ ಕಾಲು ನನ್ನದು. ಓಟಕ್ಕೆ ಕೊರತೆ ಇರಲಿಲ್ಲ. ಆದರೂ ಆಡಿದ್ದು ಬಿ ಡಿವಿಷನ್‌ವರೆಗೆ. ಯಾಕೆ ಅಲ್ಲಿಗೇ ನಿಂತೆ ಅನ್ನುವುದನ್ನು ನಿನಗೆ ಹೇಳಬೇಕು.

ಮೊದಲು ನಿನ್ನ ಟರ್ಫಿನ ಮಾತು. ಒಳಾಂಗಣದ ಆಟವನ್ನು ನಾನು ಹೀಗಳೆಯುವವನಲ್ಲ. ಫುಟ್ಸಾಲ್ ಅಂಕಣ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಐದೈದು ಜನ, ಕಡಿಮೆ ಪುಟಿಯುವ ಸಣ್ಣ ಚೆಂಡು, ಹೊರಗೆ ಹೋದ ಚೆಂಡನ್ನು ನಾಲ್ಕು ಸೆಕೆಂಡಿನಲ್ಲಿ ಒಳಗೆ ಹಾಕಬೇಕು. ಅಂಗಾಲಿನಲ್ಲಿ ಚೆಂಡು ಎಳೆದುಕೊಂಡು, ಕಾಲ್ಬೆರಳ ತುದಿಯಿಂದ ಚುಚ್ಚಿ ಹೊಡೆಯುವ ನಿನ್ನ ಚಾಲಾಕಿತನ ನಮ್ಮ ಕಾಲದವರಿಗೆ ಇರಲಿಲ್ಲ. ಅದನ್ನು ಬಿಡಬೇಡ.

ಆದರೆ ನೀನು ಆಡುವ ಟರ್ಫಿನಲ್ಲಿ ತಪ್ಪಿದ ಚೆಂಡು ಬಲೆಗೆ ಬಡಿದು ನಿನ್ನ ಕಾಲಿಗೇ ವಾಪಸು ಬರುತ್ತದೆ. ಅರೆ ನಿಮಿಷದಲ್ಲಿ ಇನ್ನೊಂದು ಅವಕಾಶ. ತಪ್ಪಿದ್ದರ ನೋವು ನಾಟುವುದೇ ಇಲ್ಲ. ದೊಡ್ಡ ಮೈದಾನದಲ್ಲಿ ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ ಅವಕಾಶ ಸಿಕ್ಕರೆ ಪುಣ್ಯ. ಮಿಕ್ಕ ಹೊತ್ತೆಲ್ಲ ಚೆಂಡಿಲ್ಲದೆ ಓಡಬೇಕು. ನಿನ್ನನ್ನು ಕಾಯುವ ಡಿಫೆಂಡರ್‌ನ ಕಾಲು ನೋಡಬೇಡ, ತಲೆ ನೋಡು. ಚೆಂಡು ಎಲ್ಲಿದೆ ಅಂತ ಅವನು ಆ ಕಡೆ ತಿರುಗಿದ ಗಳಿಗೆಯಲ್ಲೇ ಅವನ ಬೆನ್ನ ಹಿಂದಕ್ಕೆ ಸರಿ. ಹತ್ತು ಸಲ ಸರಿದರೆ ಒಂಬತ್ತು ಸಲ ಚೆಂಡು ಬರುವುದಿಲ್ಲ. ಬೈದುಕೊಳ್ಳದೆ ಹತ್ತನೆಯ ಸಲವೂ ಸರಿಯಬೇಕು.

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಒಂದು ಲೀಗ್ ಪಂದ್ಯ. ಗೋಲಿ ಬಿದ್ದಿದ್ದಾನೆ, ಎದುರಿಗೆ ಖಾಲಿ ಗೋಲು, ಆರು ಗಜ ದೂರ. ನಾನು ಚೆಂಡನ್ನು ಅಡ್ಡಕಂಬದ ಮೇಲಿಂದ ಆಚೆಗೆ ಹೊಡೆದೆ. ಗ್ಯಾಲರಿಯಲ್ಲಿ ಒಬ್ಬ ಶಿಳ್ಳೆ ಹಾಕಿದ, ನಾಲ್ಕು ಜನ ನಕ್ಕರು. ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ನಾನು ಓಡುತ್ತಲೇ ಇದ್ದೆ, ಆದರೆ ಚೆಂಡು ಬರದ ಜಾಗವನ್ನೇ ಹುಡುಕಿ ಹುಡುಕಿ ಓಡಿದೆ. ಡಿಫೆಂಡರ್‌ನ ನೆರಳಲ್ಲಿ ನಿಂತರೆ ನಿನಗೆ ಯಾರೂ ಪಾಸ್ ಕೊಡುವುದಿಲ್ಲ, ಯಾರೂ ನಿನ್ನನ್ನು ಬೈಯುವುದೂ ಇಲ್ಲ. ಮುಂದಿನ ಪಂದ್ಯಕ್ಕೆ ನನ್ನ ಹೆಸರಿರಲಿಲ್ಲ. ಗೋಲು ತಪ್ಪಿದ್ದಕ್ಕಾ ಸಾರ್ ಅಂತ ಕೇಳಿದೆ. ಬಚ್ಚಿಟ್ಟುಕೊಂಡಿದ್ದಕ್ಕೆ ಅಂದರು ಕೋಚು. ಆ ಚಾಳಿ ನನ್ನನ್ನು ಪೂರ್ತಿ ಬಿಡಲೇ ಇಲ್ಲ.

ಹಾಗೆ ಬಚ್ಚಿಟ್ಟುಕೊಳ್ಳದವರ ಕತೆಯನ್ನೂ ಕೇಳು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಇದ್ದರಲ್ಲ, 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದವರು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಕೈತಪ್ಪಿತು. ಅಂಥ ದಿನದಲ್ಲೂ 70ನೇ ನಿಮಿಷಕ್ಕೆ ಸಮ ಮಾಡಿದ ಗೋಲು ರಾಮನ್ ಅವರದು. ಕೊನೆಗಳಿಗೆಯಲ್ಲಿ ಫ್ರಾನ್ಸ್ 2–1ರಿಂದ ಗೆದ್ದಿತು ಅನ್ನುವುದು ಬೇರೆ ಮಾತು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹಾಕಿತು. ನಮ್ಮ ಒಂದೇ ಒಂದು ಗೋಲು ಬೆಂಗಳೂರಿನ ಇನ್ನೊಬ್ಬ ಫಾರ್ವರ್ಡ್ ಅಹ್ಮದ್ ಖಾನ್ ಅವರದು, ಅದೂ 89ನೇ ನಿಮಿಷದಲ್ಲಿ. ಹತ್ತು ಬಿಟ್ಟ ಮೇಲೂ, ಆಟ ಮುಗಿಯುವ ಹೊತ್ತಿನಲ್ಲೂ, ಚೆಂಡು ಬರುವ ಜಾಗದಲ್ಲಿ ನಿಂತಿದ್ದರಲ್ಲ ಆ ಮನುಷ್ಯ. ನನಗೆ ಒಲಿಂಪಿಕ್ಸ್ ಪದಕಕ್ಕಿಂತ ಅದು ದೊಡ್ಡದಾಗಿ ಕಾಣುತ್ತದೆ. ನಿನಗೆ ನಗು ಬರಬಹುದು.

ನಿನ್ನ ಗೋಡೆಯ ಮೇಲಿರುವ ಸುನಿಲ್ ಚೆಟ್ರಿಯನ್ನೇ ತಗೋ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ತಂಡಕ್ಕೆ ಹೋದರು, ಅಲ್ಲಿನ ಲೀಗ್‌ನಲ್ಲಿ ಒಂದು ಪಂದ್ಯಕ್ಕೂ ಇಳಿಸಲಿಲ್ಲ. ವಾಪಸು ಬಂದರು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು, ಮೊದಲ ಸಾಲಿನಲ್ಲೇ ತಂಡ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ಜನ ಕೂಗುವ ಹೆಸರಿನ ಹಿಂದೆ ಕಾನ್ಸಾಸ್‌ನ ಬೆಂಚೂ ಇದೆ.

ಇನ್ನು ಅನ್ನದ ಪ್ರಶ್ನೆ. ನಮ್ಮ ಕಾಲದಲ್ಲಿ ಚೆಂಡು ಆಡಿದರೆ ಕಾರ್ಖಾನೆಯಲ್ಲೋ ಇಲಾಖೆಯಲ್ಲೋ ನೌಕರಿ. ಐಟಿಐ, ಎಚ್‌ಎಎಲ್ ಎಲ್ಲ ತಂಡ ಕಟ್ಟಿದ್ದವು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಐಟಿಐ, ಅದೂ ಮೋಹನ್ ಬಾಗಾನನ್ನು ಸೋಲಿಸಿ. ಮಂಡಿ ಹೋದರೂ ಸಂಬಳ ಹೋಗುತ್ತಿರಲಿಲ್ಲ, ನಾನು ರಿಟೈರ್ ಆದದ್ದು ಹಾಗೆಯೇ. ಈಗ ನಿನ್ನದು ಕಾಂಟ್ರ್ಯಾಕ್ಟು. 2025ರಲ್ಲಿ ಐಎಸ್‌ಎಲ್ ಶುರುವಾಗುವುದೇ ಗೊತ್ತಿಲ್ಲದೆ ನಿಂತುಹೋದಾಗ ಬೆಂಗಳೂರು ಎಫ್‌ಸಿ ಕೂಡ ಮೊದಲ ತಂಡದ ಸಂಬಳ ತಡೆಹಿಡಿಯಿತು. ಅಜ್ಜಂಪುರದ ಈರುಳ್ಳಿ ಬೆಳೆದ ಹಾಗೆ ಈ ಕಸುಬು. ರೇಟು ಬಂದ ವರ್ಷ ಟ್ರ್ಯಾಕ್ಟರ್, ಬರದ ವರ್ಷ ಹೊಲದ ಬದುವಿನಲ್ಲೇ ಸುರಿದು ಬರಬೇಕು. ಈರುಳ್ಳಿ ಬೆಳೆಯಬೇಡ ಅನ್ನುತ್ತಿಲ್ಲ. ಪಕ್ಕದಲ್ಲಿ ನಾಲ್ಕು ತೆಂಗಿನ ಸಸಿ ನೆಟ್ಟಿರು ಅಂತ, ಅಂದರೆ ಡಿಗ್ರಿಗೆ ಸೇರು. ಕೋಚಿಂಗ್ ಲೈಸೆನ್ಸೂ ಮಾಡಿಕೊಳ್ಳಬಹುದು, ಅದಕ್ಕೆ ವಯಸ್ಸಿದೆ.

ಟ್ರಯಲ್ಸಿಗೆ ಸೇರಿಸುತ್ತೇನೆ, ಇಷ್ಟು ಸಾವಿರ ಕಳಿಸು ಅಂತ ಫೋನ್ ಮಾಡುವವರಿಗೆ ಒಂದು ಪೈಸೆ ಕೊಡಬೇಡ. ಹಾಗೇ ಹುಟ್ಟಿದ ತಾರೀಖು ತಿದ್ದಿಸೋಣ ಅಂತ ಯಾರಾದರೂ ಅಂದರೆ ಎದ್ದು ಬಾ. ಎರಡು ವರ್ಷ ಚಿಕ್ಕವರಾಗಿ ಆಡಿ ಗೆದ್ದ ಹುಡುಗರು ದೊಡ್ಡವರ ತಂಡಕ್ಕೆ ಬಂದಾಗ ಏನಾಗುತ್ತಾರೆ ಅಂತ ನೋಡಿದ್ದೇನೆ.

ಭರವಸೆ ಇಲ್ಲ ಅಂದುಕೊಳ್ಳಬೇಡ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಎತ್ತಿತು. ಹಿಂದಿನ ಸಲ ಗೆದ್ದಾಗ ನಾವಿನ್ನೂ ಮೈಸೂರು ರಾಜ್ಯ, ನಾನು ಚಡ್ಡಿ ಹಾಕುತ್ತಿದ್ದೆ. ಐವತ್ತನಾಲ್ಕು ವರ್ಷ ಕಾದು ಮೊಬೈಲಿನಲ್ಲಿ ಒಬ್ಬನೇ ನೋಡಿ ಕೂಗಿಕೊಂಡಿದ್ದಕ್ಕೆ ನಿನ್ನ ಅಜ್ಜಿ ಒಲೆ ಬಿಟ್ಟು ಓಡಿಬಂದಿದ್ದಳು.

ಬರುವ ಭಾನುವಾರ ಟರ್ಫ್ ಬೇಡ. ಬೆಳಿಗ್ಗೆ ಆರಕ್ಕೆ ಕಾಲೇಜು ಮೈದಾನಕ್ಕೆ ಬಾ, ನಾನು ಕುರ್ಚಿ ತರುತ್ತೇನೆ. ಚೆಂಡು ಒಂದೇ ತಾ. ಅಲ್ಲಿ ಗೋಲಿನ ಹಿಂದೆ ಬಲೆ ಇಲ್ಲ, ಜಾಲಿಗಿಡ ಇದೆ. ತಪ್ಪಿದ್ದನ್ನೆಲ್ಲ ನೀನೇ ಹೋಗಿ ತರಬೇಕು.